ತಲೆ ತಿರುಗಿಸಿದವರೇ ತಲೆ ಸರಿ ಮಾಡಿದರು

ಕಪಾಟಿನ ಮೇಲಿನ ಬಾಗಿಲು ತೆರೆದೇ ಇತ್ತು. ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದವಳು ದಡಕ್ಕನೆ ಎದ್ದೆ. ಅಷ್ಟೇ ನಡೆದದ್ದು. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ, ನೆತ್ತಿ ಸ್ವಲ್ಪ ಊದಿಕೊಂಡಿತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಸಂಜೆ ಹೊತ್ತಿಗೆ ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಮಾರನೇ ದಿನ ಫೋನಿನ ಅಕ್ಷರಗಳು ನೀರಿನ ಮೇಲೆ ತೇಲುವ ಹಾಗೆ ಕಂಡವು. ಡಾಕ್ಟರ್ ಸ್ಕ್ಯಾನ್ ಮಾಡಿಸಿದರು, ಕ್ಲೀನ್ ಬಂತು. "ಕನ್ಕಷನ್ ಆಗಿದೆ, ಅಂದರೆ ಪೆಟ್ಟಿಗೆ ಮೆದುಳು ಅಲುಗಾಡಿದೆ, ರೆಸ್ಟ್ ಮಾಡಿ, ಎರಡು ವಾರದಲ್ಲಿ ಸರಿಹೋಗುತ್ತೆ" ಅಂದರು. ಬಹಳ ಜನರಿಗೆ ಹಾಗೇ ಸರಿಹೋಗುತ್ತದೆ ಕೂಡ. ನನಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ನಾನು ಹತ್ತಿದ ಕ್ಲಿನಿಕ್ಕಿನ ಮೆಟ್ಟಿಲು, ಮಲಗಿದ ಟೇಬಲ್ಲು, ನುಂಗಿದ ಮಾತ್ರೆ ಎಲ್ಲದರ ರಿವ್ಯೂ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟು ಬಿದ್ದ ಮೇಲೆ ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕೈಕಾಲಿನ ಶಕ್ತಿ ಕುಂದಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಇದನ್ನೆಲ್ಲ ಓದುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಸ್ಕ್ಯಾನ್ ಕ್ಲೀನ್ ಬಂದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಇದು ನನಗೆ ಗೊತ್ತಾಗಲು ತಡವಾಯಿತು. ಅದರಲ್ಲಿ ಹುಡುಕುವುದು ರಕ್ತಸ್ರಾವ, ಮೂಳೆಯ ಬಿರುಕು ಇಂಥವನ್ನು. ಕನ್ಕಷನ್‌ನಲ್ಲಿ ಕೆಡುವುದು ಜೀವಕೋಶದ ಒಳಗಿನ ವ್ಯವಹಾರ. ಪೊಟ್ಯಾಶಿಯಂ ಹೊರಗೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಅದನ್ನು ಸರಿಮಾಡಲು ಮೆದುಳಿಗೆ ಜಾಸ್ತಿ ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ಕಮ್ಮಿಯಾಗಿರುತ್ತದೆ. ಗಿಜಾ ಮತ್ತು ಹೊವ್ಡಾ ಎಂಬ ಸಂಶೋಧಕರು 2001ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಆ ಗಲಾಟೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಣ್ಣಗಾಗುತ್ತದಂತೆ. ಆಮೇಲೂ ಕಾಡುವ ತೊಂದರೆ ಬಹಳ ಸಲ ಕುತ್ತಿಗೆಯಲ್ಲಿ, ಒಳಕಿವಿಯಲ್ಲಿ, ಕಣ್ಣಿನ ಹೊಂದಾಣಿಕೆಯಲ್ಲಿ, ನಿದ್ದೆಯಲ್ಲಿ, ಮನಸ್ಸಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ "ಕನ್ಕಷನ್ ಥೆರಪಿ" ಅಂತ ಒಂದೇ ಸಾಮಾನು ಎಲ್ಲೂ ಸಿಗುವುದಿಲ್ಲ. ನಿಮ್ಮದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಯಾರಾದರೂ ಹುಡುಕಬೇಕು.

ನಾನು ಮೊದಲು ಮಾಡಿದ್ದು ಕತ್ತಲೆ ಕೋಣೆ. ಪರದೆ ಎಳೆದು, ಫೋನ್ ಆಫ್ ಮಾಡಿ, ಹದಿನೈದು ದಿನ ಗೋಡೆ ನೋಡುತ್ತ ಮಲಗಿದೆ. ಜಾಸ್ತಿ ಮಲಗಿದಷ್ಟು ಬೇಗ ಗುಣ ಅಂತ ನನ್ನ ಲೆಕ್ಕ. ಆಗಿದ್ದು ಉಲ್ಟಾ. ಹದಿನಾರನೇ ದಿನ ಹೊರಗೆ ಬಂದಾಗ ಬೆಳಕು ಮೊದಲಿಗಿಂತ ಜೋರಾಗಿ ಚುಚ್ಚಿತು, ಮೆಟ್ಟಿಲು ಇಳಿದರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಸುಮ್ನೆ ಅಳು. ಆಮೇಲೆ ಓದಿದರೆ ಇದನ್ನು ಯಾರೋ ಪರೀಕ್ಷೆ ಮಾಡಿಯೇ ಬಿಟ್ಟಿದ್ದಾರೆ. 2015ರಲ್ಲಿ ಪ್ರಕಟವಾದ ಅಧ್ಯಯನ, 11ರಿಂದ 22 ವರ್ಷದವರ ಮೇಲೆ ಮಾಡಿದ್ದು. ಕೆಲವರಿಗೆ ಐದು ದಿನ ಕಟ್ಟುನಿಟ್ಟಿನ ರೆಸ್ಟ್, ಉಳಿದವರಿಗೆ ಒಂದೆರಡು ದಿನ ರೆಸ್ಟ್ ಮಾಡಿ ನಿಧಾನಕ್ಕೆ ಎದ್ದು ಓಡಾಡಿ ಅಂತ ಹೇಳಿದರು. ಐದು ದಿನ ಮಲಗಿದವರೇ ಜಾಸ್ತಿ ತೊಂದರೆ ಹೇಳಿಕೊಂಡರು. ಈಗಿನ ಸಲಹೆ 24ರಿಂದ 48 ಗಂಟೆ ಹಗುರವಾಗಿರಿ, ಆಮೇಲೆ ನಡೆದಾಡಿ ಅಂತ. ಸ್ಕ್ರೀನ್ ವಿಷಯ ಮಾತ್ರ ನಿಜ. ಮೊದಲ 48 ಗಂಟೆ ಫೋನ್, ಟಿವಿ ಬಿಟ್ಟವರು ಬೇಗ ಚೇತರಿಸಿಕೊಂಡರು ಅಂತ 2021ರ ಇನ್ನೊಂದು ಅಧ್ಯಯನ ಹೇಳುತ್ತದೆ. ಮೊದಲ ಎರಡು ದಿನ, ಗಮನಿಸಿ. ನಾನು ಅದನ್ನು ಹದಿನೈದು ದಿನಕ್ಕೆ ಎಳೆದೆ.

ಮುಂದೆ ಹೋದದ್ದು ಒಂದು ಶಾಂತವಾದ ಜಾಗಕ್ಕೆ. ಹೆಸರು ಹೇಳುವುದಿಲ್ಲ. ಮಬ್ಬು ಬೆಳಕು, ಮೆತ್ತನೆ ಹೊದಿಕೆ, ಒಬ್ಬರು ತಲೆಯ ಹಿಂಭಾಗಕ್ಕೆ ಹಗುರವಾಗಿ ಕೈಯಿಟ್ಟು ಕೂರುತ್ತಿದ್ದರು. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಸರಿಸುತ್ತೇವೆ ಅಂತ ಅವರ ವಿವರಣೆ. ದೊಡ್ಡವರ ತಲೆಬುರುಡೆ ಬೆರಳಿನ ಒತ್ತಡಕ್ಕೆ ಸರಿಯುತ್ತದೆ ಅನ್ನೋದು ನನಗೆ ಆಗಲೇ ಯಾಕೋ ಗಂಟಲಲ್ಲಿ ಇಳಿಯಲಿಲ್ಲ, ಆದರೆ ಅಲ್ಲಿ ನಿದ್ದೆ ಬರುತ್ತಿತ್ತು, ಮನೆಯಲ್ಲಿ ಬರುತ್ತಿರಲಿಲ್ಲ, ಹಾಗಾಗಿ ಆರು ಸಲ ಹೋದೆ. ಪ್ರತಿ ಸಲ ಹಾಯಾಗಿ ಎದ್ದು ಬರುತ್ತಿದ್ದೆ. ರಸ್ತೆ ದಾಟಲು ತಲೆ ತಿರುಗಿಸಿದ ತಕ್ಷಣ ಮತ್ತೆ ಅದೇ ತೂರಾಟ. ಒಳ್ಳೆ ಜನ, ಮೋಸಗಾರರಲ್ಲ. ಆದರೆ ಆರು ಭೇಟಿಯಲ್ಲಿ ಒಂದು ಸಲವೂ ನನ್ನನ್ನು ಎದ್ದು ನಿಲ್ಲಿಸಿ, ಕಣ್ಣು ಮುಚ್ಚಿಸಿ, ನಡೆಸಿ ನೋಡಲಿಲ್ಲ. ದುಡ್ಡು ಕೊಟ್ಟು ನಿದ್ದೆ ಕೊಂಡಂತಾಯಿತು.

ವೆಸ್ಟಿಬ್ಯುಲರ್ ಫಿಸಿಯೋಥೆರಪಿ ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಒಳಕಿವಿ, ಕಣ್ಣು, ಕುತ್ತಿಗೆ ಮೂರೂ ಸೇರಿ ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತವಲ್ಲ, ಆ ಹೊಂದಾಣಿಕೆ ಸರಿಮಾಡುವವರು. ಮೊದಲ ಭೇಟಿ ಒಂದು ಗಂಟೆ. ಅರ್ಧ ಗಂಟೆ ಪ್ರಶ್ನೆ. ತಲೆ ಸುತ್ತುತ್ತದೆ ಅಂದರೆ ಸಾಲದು ಅವರಿಗೆ. ಕೋಣೆ ಗಿರಗಿರ ತಿರುಗುತ್ತದೋ, ನೀವು ತೂಗಾಡುತ್ತೀರೋ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೋ, ಎದ್ದು ನಿಂತಾಗಲೋ, ಎಷ್ಟು ಸೆಕೆಂಡು? ನಾನು ಏನೋ ತಡವರಿಸಿ ಹೇಳಿದೆ. ಆಮೇಲೆ ಟೇಬಲ್ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ, "ಕಣ್ಣು ಮುಚ್ಚಬೇಡಿ, ನಾನು ಹಿಡಿದುಕೊಂಡಿರ್ತೀನಿ" ಅಂತ ಹೇಳಿ ಗಬಕ್ಕನೆ ಹಿಂದಕ್ಕೆ ಮಲಗಿಸಿದರು. ಅಬ್ಬಾ! ಒಂದೆರಡು ಕ್ಷಣ ಏನೂ ಇಲ್ಲ, ಆಮೇಲೆ ಚಾವಣಿ ಬುಗುರಿಯಾಯಿತು. ನಾನು ಅವರ ತೋಳು ಉಗುರಿನಲ್ಲಿ ಚುಚ್ಚುವಷ್ಟು ಗಟ್ಟಿಯಾಗಿ ಹಿಡಿದಿದ್ದೆ, ಅವರು ಮಾತ್ರ ನನ್ನ ಕಣ್ಣುಗುಡ್ಡೆ ಹೇಗೆ ಅದುರುತ್ತಿದೆ ಅಂತ ನೋಡಿ "ಆಹಾ, ಸಿಕ್ತು" ಅಂತ ಖುಷಿಪಡುತ್ತಿದ್ದರು.

ಆ ಪರೀಕ್ಷೆಯ ಹೆಸರು ಡಿಕ್ಸ್-ಹಾಲ್‌ಪೈಕ್. ಒಳಕಿವಿಯಲ್ಲಿ ಕ್ಯಾಲ್ಸಿಯಂನ ಸಣ್ಣ ಸಣ್ಣ ಹರಳುಗಳಿರುತ್ತವೆ. ಪೆಟ್ಟಿಗೆ ಅವು ತಮ್ಮ ಜಾಗ ಬಿಟ್ಟು ಪಕ್ಕದ ಅರ್ಧವೃತ್ತದ ನಾಳದೊಳಗೆ ಸೇರಿಬಿಟ್ಟರೆ ತಲೆ ಅಲುಗಿದಾಗಲೆಲ್ಲ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಇದಕ್ಕೆ ಮಾತ್ರೆ ಬೇಡ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ, ಪ್ರತಿ ಭಂಗಿಯಲ್ಲೂ ಸ್ವಲ್ಪ ಹೊತ್ತು ಹಿಡಿದು, ಆ ಹರಳನ್ನು ವಾಪಸು ಹೊರಳಿಸಿ ಕಳಿಸುತ್ತಾರೆ. ಅಮೆರಿಕದ ಕಿವಿ ತಜ್ಞ ಜಾನ್ ಎಪ್ಲಿ ರೂಪಿಸಿದ ವಿಧಾನ ಇದು, ಅವರ ಹೆಸರಲ್ಲೇ ಕರೆಯುತ್ತಾರೆ. ನನಗೆ ಎರಡು ಭೇಟಿಯಲ್ಲಿ ಆ ಬುಗುರಿ ನಿಂತಿತು. ಎರಡು! ಮೂರು ತಿಂಗಳು ಒಂದೇ ಮಗ್ಗುಲಿಗೆ ಮಲಗಿದ್ದವಳು ಅವತ್ತು ರಾತ್ರಿ ಬೇಕಂತಲೇ ಎಡಕ್ಕೂ ಬಲಕ್ಕೂ ಹೊರಳಾಡಿದೆ.

ಎಲ್ಲರಿಗೂ ಹರಳೇ ಕಾರಣ ಆಗಿರುವುದಿಲ್ಲ, ನನಗೂ ಅದೊಂದೇ ಆಗಿರಲಿಲ್ಲ. ಬುಗುರಿ ಹೋದರೂ ತೂಗಾಟ ಉಳಿಯಿತು. ಅದಕ್ಕೆ ಕೊಟ್ಟ ವ್ಯಾಯಾಮ ನೋಡಲು ತಮಾಷೆ. ಗೋಡೆಗೆ ಒಂದು ಅಕ್ಷರ ಬರೆದ ಕಾರ್ಡ್ ಅಂಟಿಸಿ, ಅದರ ಮೇಲೆ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಬೇಡ ಬೇಡ ಅನ್ನುವ ಹಾಗೆ ಅಡ್ಡ ಆಡಿಸಬೇಕು. ಅಕ್ಷರ ಮಸುಕಾಗಬಾರದು. ಮೊದಲ ದಿನ ಹದಿನೈದು ಸೆಕೆಂಡಿಗೆ ವಾಕರಿಕೆ ಬಂತು. ದಿನಕ್ಕೆ ಮೂರು ಸಲ, ವಾರವಾರ ಸೆಕೆಂಡು ಏರಿಸುತ್ತ, ಆಮೇಲೆ ನಿಂತು, ಆಮೇಲೆ ನಡೆಯುತ್ತ. ಜತೆಗೆ ಕುತ್ತಿಗೆಯ ಮೇಲ್ಭಾಗದ ಕೀಲುಗಳಿಗೆ ಕೈಯಲ್ಲೇ ಚಿಕಿತ್ಸೆ, ಒಳಗಿನ ಸಣ್ಣ ಸ್ನಾಯುಗಳಿಗೆ ವ್ಯಾಯಾಮ. ತಲೆನೋವು ಅಂತ ನಾನು ಅಂದುಕೊಂಡಿದ್ದರಲ್ಲಿ ಅರ್ಧ ಕುತ್ತಿಗೆಯದ್ದೇ ಆಗಿತ್ತು. ಕುತ್ತಿಗೆ ಮತ್ತು ಒಳಕಿವಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟು ನೋಡಿದ ಒಂದು ಸಣ್ಣ ಅಧ್ಯಯನ 2014ರಲ್ಲಿ ಬಂದಿದೆ. ಆ ಚಿಕಿತ್ಸೆ ಪಡೆದ 15 ಜನರಲ್ಲಿ 11 ಜನ ಎಂಟು ವಾರದೊಳಗೆ ಮತ್ತೆ ಆಟಕ್ಕಿಳಿಯಬಹುದು ಅನ್ನಿಸಿಕೊಂಡರು, ಇನ್ನೊಂದು ಗುಂಪಿನ 14ರಲ್ಲಿ ಒಬ್ಬರು. ಚಿಕ್ಕ ಗುಂಪು, ಒಪ್ಪುತ್ತೇನೆ. ನನ್ನ ಅನುಭವ ಮಾತ್ರ ಅದಕ್ಕೆ ತಾಳೆಯಾಗುತ್ತದೆ. ಐದರಲ್ಲಿ ಐದು ಕೊಡುತ್ತೇನೆ, ವಾಕರಿಕೆ ಸೇರಿಸಿಯೂ.

ಟ್ರೆಡ್‌ಮಿಲ್ ಪರೀಕ್ಷೆ ಹೇಳಿದ್ದೂ ಅದೇ ಫಿಸಿಯೋ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದವರು ಬೆಳೆಸಿದ ಪದ್ಧತಿಯಂತೆ. ನಡೆಯುತ್ತ ಹೋಗಬೇಕು, ನಿಮಿಷಕ್ಕೊಮ್ಮೆ ಏರು ಜಾಸ್ತಿ ಮಾಡುತ್ತಾರೆ, ಯಾವ ಎದೆಬಡಿತಕ್ಕೆ ತಲೆ ಗವ್ ಅನ್ನಲು ಶುರುವಾಗುತ್ತದೋ ಅಲ್ಲಿ ನಿಲ್ಲಿಸುತ್ತಾರೆ. ನನ್ನದು 138. ಅದರ ಶೇಕಡ 80ರಿಂದ 90, ಅಂದರೆ 110ರಿಂದ 124ರ ಒಳಗೆ ದಿನಾ ಇಪ್ಪತ್ತು ನಿಮಿಷ ನಡಿಗೆ. ತೊಂದರೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಅದು ನಡೆಯುವ ಮೊದಲಿಗಿಂತ ಎರಡು ಅಂಕಕ್ಕೂ ಜಾಸ್ತಿ ಏರಿದರೆ ನಿಲ್ಲಿಸಿ, ಅದಕ್ಕಿಂತ ಕಮ್ಮಿಯಿದ್ದರೆ ಹೆದರಬೇಡಿ. ಈ ಒಂದು ನಿಯಮ ನನಗೆ ಯಾವ ಮಾತ್ರೆಗಿಂತ ಜಾಸ್ತಿ ಧೈರ್ಯ ಕೊಟ್ಟಿತು. ಅಲ್ಲಿಯವರೆಗೆ ಸ್ವಲ್ಪ ನೋವು ಬಂದರೂ ಮೆದುಳು ಮತ್ತೆ ಕೆಡುತ್ತಿದೆ ಅಂತಲೇ ಭಯ. 2019ರಲ್ಲಿ 103 ಹದಿಹರೆಯದವರ ಮೇಲೆ ಇದನ್ನು ನೋಡಿದಾಗ ನಡಿಗೆ, ಸೈಕಲ್ ಮಾಡಿದವರು 13 ದಿನಕ್ಕೆ ಚೇತರಿಸಿಕೊಂಡರು, ಬರೀ ಸ್ಟ್ರೆಚಿಂಗ್ ಮಾಡಿದವರು 17 ದಿನಕ್ಕೆ. ಅವರು ಶುರು ಮಾಡಿದ್ದು ಪೆಟ್ಟಾದ ಹತ್ತು ದಿನದೊಳಗೆ, ನಾನು ನಾಲ್ಕನೇ ತಿಂಗಳಲ್ಲಿ. ಆದರೂ ನನ್ನ ಮಿತಿ ಆರು ವಾರದಲ್ಲಿ 138ರಿಂದ 160 ದಾಟಿತು.

ಕಣ್ಣಿನದ್ದು ಅರೆಬರೆ ಕಥೆ. ಮೊದಲು ಹೋದ ಕಡೆ ದೂರದ ಅಕ್ಷರ ಓದಿಸಿ, ದೃಷ್ಟಿ 6/6 ಇದೆ, ಏನೂ ತೊಂದರೆ ಇಲ್ಲ ಅಂತ ಐದೇ ನಿಮಿಷದಲ್ಲಿ ಕಳಿಸಿದರು. ಹೌದು, ಒಂದೊಂದು ಕಣ್ಣೂ ಸರಿಯಾಗಿಯೇ ಇತ್ತು. ಎರಡೂ ಸೇರಿ ಹತ್ತಿರದ ವಸ್ತುವಿನ ಕಡೆ ತಿರುಗುವುದು ಕೆಟ್ಟಿತ್ತು. ಎರಡನೆಯವರು ಪೆನ್ನಿನ ತುದಿಯನ್ನು ಮೂಗಿನ ಹತ್ತಿರ ತಂದು ನೋಡಿದರು. ನನಗೆ 18 ಸೆಂಟಿಮೀಟರಿಗೇ ಪೆನ್ನು ಎರಡಾಯಿತು. ಆರು ಸೆಂಟಿಮೀಟರಿನ ತನಕವಾದರೂ ಒಂದೇ ಕಾಣಬೇಕಿತ್ತು. ಬಣ್ಣದ ಮಣಿ ಪೋಣಿಸಿದ ದಾರ ಕೊಟ್ಟರು, ಬ್ರಾಕ್ ದಾರ ಅಂತಾರೆ, ಒಂದು ತುದಿ ಮೂಗಿಗೆ ಹಿಡಿದು ಒಂದು ಮಣಿಯಿಂದ ಇನ್ನೊಂದಕ್ಕೆ ನೋಟ ಹಾರಿಸಬೇಕು. ಕೆಲಸ ಮಾಡಿತು, ಆದರೆ ತುಂಬಾ ನಿಧಾನ, ಮತ್ತು ಅವರು ಮಾರಲು ಇಟ್ಟಿದ್ದ ಉಪಕರಣಗಳ ಪಟ್ಟಿ ಉದ್ದವಿತ್ತು. ದಾರ, ಮಣಿ ಸಾಕು ಅಂತ ನಾನು ಅಲ್ಲಿಗೇ ನಿಂತೆ. ಕನ್ನಡಕದ ಬಗ್ಗೆ ಒಂದು ವಿಷಯ: ಮನೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡೇ ಇರಬೇಡಿ, ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನೂ ಚುಚ್ಚುತ್ತದೆ. ಎಫ್ಎಲ್-41 ಅನ್ನುವ ನಸುಗುಲಾಬಿ ಗಾಜು ಸಿಗುತ್ತದೆ, ಟ್ಯೂಬ್‌ಲೈಟ್ ಕೆಳಗೆ ಕೂತು ಕೆಲಸ ಮಾಡುವಾಗ ನನಗೆ ಅದು ಉಪಯೋಗಕ್ಕೆ ಬಂತು.

ನೋವಿನ ಮಾತ್ರೆಯ ಗುಟ್ಟು ಬಯಲು ಮಾಡಿದ್ದು ಡಾಕ್ಟರಲ್ಲ, ನನ್ನ ತಂಗಿ. "ಅಕ್ಕಾ, ತಿಂಗಳಿಗೆ ಎಷ್ಟು ನುಂಗ್ತಿದ್ದೀಯ, ಲೆಕ್ಕ ಇದೆಯಾ?" ಅಂದಳು. ಖಾಲಿ ಶೀಟುಗಳನ್ನು ಎಣಿಸಿದರೆ ಇಪ್ಪತ್ತು ದಿನ ದಾಟಿತ್ತು. ಮಾಮೂಲಿ ನೋವಿನ ಮಾತ್ರೆಯನ್ನೇ ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಹಾಗೇ ಮೂರು ತಿಂಗಳು ದಾಟಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ನರರೋಗ ತಜ್ಞರ ಹತ್ತಿರ ಹೋಗಿ ಅವರು ಹೇಳಿದ ಹಾಗೆ ಬಿಟ್ಟೆ. ಮೊದಲ ಹತ್ತು ದಿನ ನರಕ, ಮನೆಯವರೆಲ್ಲ ನನ್ನಿಂದ ದೂರವೇ ಇದ್ದರು. ನಿದ್ದೆಗೆ ಸಿಬಿಟಿ ಅನ್ನುವ ಕೌನ್ಸೆಲಿಂಗ್ ಪದ್ಧತಿ ಕೈಹಿಡಿಯಿತು. ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳುವುದು, ಇಷ್ಟೇ, ಆದರೆ ಪಾಲಿಸುವುದು ಕಷ್ಟ.

ಮೆದುಳು ಚುರುಕು ಮಾಡುವ ಆ್ಯಪ್ ಎರಡು ತಿಂಗಳು ಆಡಿದೆ. ಆ ಆಟದಲ್ಲಿ ಚುರುಕಾದೆ, ಮೀಟಿಂಗಿನಲ್ಲಿ ಅಲ್ಲ. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವ ಚಿಕಿತ್ಸೆಯ ದೊಡ್ಡ ಪ್ಯಾಕೇಜನ್ನೂ ಒಬ್ಬರು ಹೇಳಿದ್ದರು, ಪುಣ್ಯಕ್ಕೆ ಹೋಗಲಿಲ್ಲ. ಅಮೆರಿಕದ 72 ಸೈನಿಕರ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಿಜವಾದ ಆಮ್ಲಜನಕ ಪಡೆದವರಿಗೂ, ಗೊತ್ತಿಲ್ಲದೆ ಬರೀ ಗಾಳಿ ಪಡೆದವರಿಗೂ ಒಂದೇ ಥರ ಹಾಯೆನಿಸಿತು. ನನ್ನ ಮೆತ್ತನೆ ಹೊದಿಕೆಯ ಆರು ಭೇಟಿ ನೆನಪಾಯಿತು, ಅಲ್ವಾ.

ಯಾರನ್ನಾದರೂ ಹುಡುಕುತ್ತಿದ್ದರೆ ಫೋನಿನಲ್ಲೇ ಕೇಳಿ: ಮೊದಲ ದಿನ ಏನೇನು ಪರೀಕ್ಷೆ ಮಾಡುತ್ತೀರಿ? ಎಷ್ಟು ವಾರಕ್ಕೆ ಮತ್ತೆ ಅಳೆದು ನೋಡುತ್ತೀರಿ? ಇದಕ್ಕೆ ಉತ್ತರ ಹೇಳದೆ ನೇರ ಪ್ಯಾಕೇಜ್ ಹೇಳಿದರೆ ಫೋನ್ ಇಡಿ. ಹತ್ತು ನಿಮಿಷದೊಳಗೆ ನನ್ನ ತೊಂದರೆಯನ್ನು ನನ್ನ ಕಣ್ಣೆದುರೇ ಬರಿಸಿ ತೋರಿಸಿದವರು ಮೂವರು, ಆ ಮೂವರೇ ನನಗೆ ಉಪಯೋಗಕ್ಕೆ ಬಂದರು.

ಈಗ ಉಳಿದಿರುವುದು ಒಂದೇ, ದೊಡ್ಡ ಅಂಗಡಿಯ ಉದ್ದದ ಸಾಲುಗಳು. ಎರಡೂ ಕಡೆ ಬಣ್ಣದ ಡಬ್ಬಿಗಳು ಹಿಂದಕ್ಕೆ ಓಡಿದಂತಾಗಿ ಕಾಲು ತೇಲುತ್ತದೆ. ಫಿಸಿಯೋ ಅದನ್ನೇ ಹೋಮ್‌ವರ್ಕ್ ಮಾಡಿದ್ದಾರೆ: ವಾರಕ್ಕೆ ಮೂರು ಸಲ ಒಳಗೆ ಹೋಗಬೇಕು, ತಳ್ಳುಗಾಡಿ ಹಿಡಿಯದೆ ನಡೆಯಬೇಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಬೇಕು. ಮೊದಲ ಸಲ ನಾಲ್ಕು ನಿಮಿಷಕ್ಕೆ ಓಡಿ ಬಂದೆ. ನಿನ್ನೆ ಹನ್ನೆರಡು ನಿಮಿಷ ಇದ್ದೆ. ತಂಗಿ ಹೇಳಿದ್ದ ಸೋಪು ತರುವುದನ್ನು ಮಾತ್ರ ಮರೆತು ಬಂದೆ, ಅದಕ್ಕೆ ಕನ್ಕಷನ್ ಕಾರಣ ಅಂದರೆ ಅವಳು ನಂಬುತ್ತಿಲ್ಲ.