ಮಂದ ಬೆಳಕಿನ ಮೀನಿನ ತೊಟ್ಟಿಗೆ ಯಾವ ಗಿಡ ಸರಿ: ಅನುಬಿಯಾಸ್, ಜಾವಾ ಫರ್ನ್ ಅಥವಾ ಕ್ರಿಪ್ಟೊಕೊರೈನ್?

ಈ ಮೂರು ಗಿಡಗಳನ್ನೂ ಒಂದೇ ದಿನ, ಒಂದೇ ತೊಟ್ಟಿಗೆ ಇಳಿಸಿ ಒಂದೂವರೆ ವರ್ಷ ನೋಡಿದ್ದೇನೆ. ತೊಟ್ಟಿ 60 ಸೆಂಟಿಮೀಟರ್ ಉದ್ದದ್ದು, ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ದೀಪ ತೊಟ್ಟಿಯ ಮುಚ್ಚಳದೊಂದಿಗೇ ಬಂದ ಸಾಧಾರಣ ಎಲ್‌ಇಡಿ. ದಿನಕ್ಕೆ ಏಳು ಗಂಟೆ ಉರಿಯುವಂತೆ ಟೈಮರ್ ಹಾಕಿದ್ದೆ. ಗಿಡಗಳ ಬೆಳವಣಿಗೆಗೆಂದು ನೀರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ, ಮುಂದೆ ಹೇಳುವ ಒಂದಿಷ್ಟು ಗೊಬ್ಬರ ಹಾಕಿದ್ದು ಬಿಟ್ಟರೆ ಹೆಚ್ಚಿನ ಉಪಚಾರವನ್ನೂ ಮಾಡಲಿಲ್ಲ.

ಮೂರೂ ಬದುಕಿದವು, ಇಂದಿಗೂ ಇವೆ. ಆದ್ದರಿಂದ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಅರ್ಥವಿಲ್ಲ. ಒಂದೊಂದು ಗಿಡವೂ ಕಾಡುವ ಬಗೆ ಬೇರೆ. ಯಾವ ಕಾಟವನ್ನು ನಾವು ತಾಳಿಕೊಳ್ಳಬಲ್ಲೆವು ಎಂದು ನೋಡಿಕೊಂಡು ಆರಿಸಬೇಕು.

ಮೊದಲು ಅನುಬಿಯಾಸ್. ನಾನು ತಂದದ್ದು ನಾನಾ ಎಂಬ ಗಿಡ್ಡ ಬಗೆ. ಆಫ್ರಿಕಾದ ಹೊಳೆ ತೊರೆಗಳ ಅಂಚಿನಲ್ಲಿ ಕಲ್ಲು, ಮರದ ಬೇರುಗಳನ್ನು ಹಿಡಿದು ಬೆಳೆಯುವ ಗಿಡ ಇದು. ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದು. ಶುಂಠಿಯಂತೆ ಅಡ್ಡಡ್ಡ ಹರಿಯುವ ದಪ್ಪ ಕಾಂಡವನ್ನು ಜಲ್ಲಿಯೊಳಗೆ ಹೂಳಬಾರದು. ಹಿಂದಿನ ತೊಟ್ಟಿಯಲ್ಲಿ ಹೂತು ಒಂದು ಗಿಡ ಕಳೆದುಕೊಂಡಿದ್ದೆ. ಎತ್ತಿ ನೋಡಿದಾಗ ಕಾಂಡ ಕೈಯಲ್ಲೇ ಮೆತ್ತಗೆ ಕಿವುಚಿ ಹೋಯಿತು. ಈ ಸಲ ಹತ್ತಿಯ ದಾರದಿಂದ ಮರದ ತುಂಡಿಗೆ ಕಟ್ಟಿದೆ. ದಾರ ಕೊಳೆಯುವ ಹೊತ್ತಿಗೆ ಬೇರುಗಳೇ ಮರವನ್ನು ಬಿಗಿಯಾಗಿ ಹಿಡಿದಿದ್ದವು.

ಇದರ ಎಲೆ ತೊಗಲಿನಷ್ಟು ಗಟ್ಟಿ, ಬೇಗ ಉದುರುವುದಿಲ್ಲ. ಅದೇ ಇದರ ತೊಂದರೆಯೂ ಹೌದು. ನನ್ನಲ್ಲಿ ಒಂದು ಹೊಸ ಎಲೆಗೆ ಮೂರರಿಂದ ನಾಲ್ಕು ವಾರ ಹಿಡಿಯಿತು; ಒಂದೊಂದು ಎಲೆ ವರ್ಷ ದಾಟಿ ನಿಂತಿತು. ಅಷ್ಟು ಕಾಲ ಕದಲದೆ ನಿಂತ ಎಲೆಯ ಮೇಲೆ ಪಾಚಿ ಮನೆ ಮಾಡದೆ ಇರುತ್ತದೆಯೇ? ಐದನೆಯ ತಿಂಗಳಿಗೆ ಹಳೆಯ ಎಲೆಗಳ ತುಂಬ ಸಾಸಿವೆ ಗಾತ್ರದ ಹಸಿರು ಚುಕ್ಕೆಗಳು ಕೂತವು. ಬೆರಳಿನಿಂದ ಉಜ್ಜಿದರೆ ಹೋಗಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಕೊನೆಗೆ ಮರದ ತುಂಡನ್ನೇ ಎತ್ತಿ ಜಾವಾ ಫರ್ನ್‌ನ ನೆರಳಿಗೆ ಸರಿಸಿದೆ. ಆಮೇಲೆ ಬಂದ ಎಲೆಗಳು ಶುಭ್ರವಾಗಿವೆ. ಹದಿನಾಲ್ಕನೆಯ ತಿಂಗಳಲ್ಲಿ ನೀರಿನೊಳಗೇ ಒಂದು ಹೂ ಬಿಟ್ಟಿತು: ಬಿಳಿಯ ಪುಟ್ಟ ದೊನ್ನೆ, ಅದರೊಳಗೆ ಒಂದು ಕಡ್ಡಿ. ಆ ದಿನ ತೊಟ್ಟಿಯ ಮುಂದಿನಿಂದ ಏಳಲು ಮನಸ್ಸೇ ಬರಲಿಲ್ಲ.

ಜಾವಾ ಫರ್ನ್ ಆಗ್ನೇಯ ಏಷ್ಯಾದ ಜರಿಗಿಡ. ಇದನ್ನೂ ಹೂಳುವಂತಿಲ್ಲ, ಕಟ್ಟಬೇಕು. ಬೆಳವಣಿಗೆ ನಿಧಾನವೇ ಆದರೂ ಅನುಬಿಯಾಸ್‌ಗಿಂತ ಒಂದು ಹೆಜ್ಜೆ ಮುಂದೆ. ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಗುಬುಟುಗಳು ಕಂಡಾಗ ರೋಗವೆಂದು ಹೆದರಿ ಎರಡು ಎಲೆ ಕತ್ತರಿಸಿ ಎಸೆದೆ. ಅವು ಜರಿಗಿಡದ ಬೀಜಕಗಳ ಗೊಂಚಲು. ಗಿಡ ಪೂರ್ಣ ಆರೋಗ್ಯವಾಗಿತ್ತು. ಮುಂದೆ ಹಳೆಯ ಎಲೆಗಳ ತುದಿಯಲ್ಲಿ ಬೇರು ಸಹಿತ ಮರಿಗಿಡಗಳೇ ಮೂಡಿದವು. ಬೆರಳುದ್ದ ಆಗುವವರೆಗೆ ಬಿಟ್ಟು, ಮೆಲ್ಲಗೆ ಬಿಡಿಸಿ ಕಲ್ಲಿಗೆ ಕಟ್ಟಿದೆ. ಒಂದು ಗಿಡ ಈಗ ಒಂಬತ್ತಾಗಿದೆ. ಎಲೆಗಳು ಅಲ್ಲಲ್ಲಿ ಕಪ್ಪಾಗತೊಡಗಿದಾಗ ಪೊಟ್ಯಾಸಿಯಂ ಇರುವ ದ್ರವ ಗೊಬ್ಬರವನ್ನು ಹೇಳಿದ ಪ್ರಮಾಣದ ಅರ್ಧದಷ್ಟು, ವಾರಕ್ಕೊಮ್ಮೆ ಹಾಕಿದೆ. ಅನಂತರದ ಎಲೆಗಳಲ್ಲಿ ಆ ಕಪ್ಪು ಬರಲಿಲ್ಲ.

ಕ್ರಿಪ್ಟೊಕೊರೈನ್ ವೆಂಡ್ಟೈ ಶ್ರೀಲಂಕಾದ ಮೂಲದ್ದು, ಇದೂ ಕೆಸುವಿನ ಬಳಗವೇ. ಆದರೆ ಇದರ ಜಾಡು ಬೇರೆ. ಮೊದಲಿನ ಎರಡೂ ಮುಖ್ಯವಾಗಿ ನೀರಿನಿಂದ ಆಹಾರ ಹೀರಿದರೆ, ಇದು ಬೇರಿನಿಂದ ಉಣ್ಣುವ ಗಿಡ. ಜಲ್ಲಿಯಲ್ಲಿ ನೆಡಬೇಕು, ಬುಡಕ್ಕೆ ಗೊಬ್ಬರದ ಗುಳಿಗೆ ಇಡಬೇಕು. ನಾನು ಎರಡು ತಿಂಗಳಿಗೊಂದು ಇಟ್ಟೆ.

ನೆಟ್ಟ ಎಂಟನೆಯ ದಿನ ಎಲೆಗಳು ಗಾಜಿನಂತೆ ಪಾರದರ್ಶಕವಾದವು. ಹನ್ನೆರಡನೆಯ ದಿನ ಮುಟ್ಟಿದರೆ ನೆನೆದ ಕಾಗದದಂತೆ ಕಳಚಿ ಬಂದವು. ಈ ಗಿಡವನ್ನು ಅನೇಕ ಕಡೆ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿ ಮಾರುತ್ತಾರೆ. ಗಾಳಿಗೆಂದು ಮೂಡಿದ ಎಲೆಗೆ ನೀರಿನೊಳಗೆ ಬಾಳುವ ಹದವಿಲ್ಲ. ಅದನ್ನು ಬಿಟ್ಟು ಗಿಡ ಹೊಸ ಎಲೆ ಕಟ್ಟಿಕೊಳ್ಳುತ್ತದೆ. ನೀರು, ಬೆಳಕು, ಜಾಗ ಬದಲಾದರೂ ಹೀಗೆಯೇ ಕರಗುತ್ತದೆ. ಬಹಳ ಜನ ಈ ಹಂತದಲ್ಲೇ ಗಿಡ ಸತ್ತಿತೆಂದು ಕಿತ್ತು ಎಸೆಯುತ್ತಾರೆ, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊಳೆತ ಎಲೆಗಳನ್ನು ಮಾತ್ರ ತೆಗೆಯಿರಿ, ನೀರು ಕೆಡದಿರಲಿ. ಬೇರನ್ನು ಮುಟ್ಟಬೇಡಿ. ನಾಲ್ಕನೆಯ ವಾರ ಬರಿಯ ಜಲ್ಲಿಯ ನಡುವೆ ಸುರುಳಿ ಸುತ್ತಿದ ಕಂದು ಮೊನೆಯೊಂದು ಇಣುಕಿತು. ವರ್ಷ ತುಂಬುವಾಗ ತೊಟ್ಟಿಯ ಮುಂಭಾಗದ ಅರ್ಧಕ್ಕೆ ಅಲೆಅಲೆಯ ಅಂಚಿನ ಎಲೆಗಳು ಹಬ್ಬಿದ್ದವು. ಮೂರರಲ್ಲಿ ಇಷ್ಟು ಚೆಲುವಾದದ್ದು ಇನ್ನೊಂದಿಲ್ಲ.

ಜಾವಾ ಪಾಚಿಯನ್ನೂ (ಎಲೆಗೆ ಅಂಟುವ ಪಾಚಿಯಲ್ಲ, ಜಾವಾ ಮಾಸ್ ಎಂಬ ಗಿಡ) ಹಾರ್ನ್‌ವರ್ಟನ್ನೂ ಇವುಗಳ ಜೊತೆಗೆ ಪರೀಕ್ಷಿಸಿದೆ. ಜಾವಾ ಪಾಚಿ ಸೀಗಡಿಗೂ ಮೀನುಮರಿಗಳಿಗೂ ಒಳ್ಳೆಯ ಅಡಗುತಾಣ, ಆದರೆ ಕಸವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಹಾರ್ನ್‌ವರ್ಟ್‌ಗೆ ಬೇರುಗಳೇ ಇಲ್ಲ, ತೇಲಿಬಿಟ್ಟರೂ ಬೆಳೆಯುತ್ತದೆ. ಉದುರಿದ ಅದರ ಸೂಜಿ ಎಲೆಗಳು ಫಿಲ್ಟರ್‌ನಲ್ಲಿ ಸಿಕ್ಕಿ ಅದರ ದಾರಿ ಮುಚ್ಚಿದವು.

ದೀಪದ ವಿಚಾರ ಹೇಳಲೇಬೇಕು. ಎರಡನೆಯ ತಿಂಗಳಲ್ಲಿ ಏನೂ ಬೆಳೆಯುತ್ತಿಲ್ಲವೆಂದು ಬೇಸರವಾಗಿ ಬೆಳಕನ್ನು ಹತ್ತು ಗಂಟೆಗೆ ಏರಿಸಿದೆ. ಎರಡೇ ವಾರದಲ್ಲಿ ಅನುಬಿಯಾಸ್‌ನ ಅಂಚಿಗೆ ಕಪ್ಪು ಗಡ್ಡದಂಥ ಪಾಚಿ ಹುಟ್ಟಿತು. ಗಿಡಗಳು ಮಾತ್ರ ಇದ್ದಲ್ಲೇ ಇದ್ದವು. ನಿಧಾನ ಬೆಳೆಯುವ ಗಿಡ ಹೆಚ್ಚಿನ ಬೆಳಕನ್ನು ಬಳಸಿಕೊಳ್ಳಲಾರದು. ಉಳಿದ ಬೆಳಕು ಪಾಚಿಯ ಪಾಲು. ಆರು ಗಂಟೆಗೆ ಇಳಿಸಿ, ಆ ಎಲೆಗಳನ್ನು ಕತ್ತರಿಸಿದ ಮೇಲೆ ತೊಟ್ಟಿ ಮತ್ತೆ ಹದಕ್ಕೆ ಬಂತು. ಮುಂದೆ ಏಳು ಗಂಟೆಯನ್ನು ದಾಟಿಲ್ಲ.

ಮೊದಲ ತೊಟ್ಟಿಗೆ ಒಂದೇ ಗಿಡ ಕೊಳ್ಳುವವರಿಗೆ ನಾನು ಜಾವಾ ಫರ್ನ್ ಹೇಳುತ್ತೇನೆ. ಕಲ್ಲು, ಮರಗಳನ್ನು ಅತ್ತಿತ್ತ ಸರಿಸುವ ಅಭ್ಯಾಸ ಇದ್ದವರಿಗಂತೂ ಅದೇ ಸರಿ, ಗಿಡವೂ ಜೊತೆಗೇ ಸರಿಯುತ್ತದೆ. ಜಲ್ಲಿ ಅಗೆಯುವ, ಎಲೆ ಕಚ್ಚುವ ಮೀನುಗಳಿದ್ದರೆ ಅನುಬಿಯಾಸ್, ಆದರೆ ದೀಪದ ನೇರ ಕೆಳಗೆ ಬೇಡ. ನೆಟ್ಟ ಮೇಲೆ ಕೈ ಹಾಕದೆ ಕಾಯಬಲ್ಲವರಿಗೆ ಕ್ರಿಪ್ಟೊಕೊರೈನ್. ನನ್ನ ಮುಂದಿನ ತೊಟ್ಟಿಯ ಮುಂಭಾಗ ಪೂರ್ತಿ ಅದಕ್ಕೇ ಮೀಸಲು. ಈ ತೊಟ್ಟಿಯಿಂದ ಕಳೆದ ವಾರ ಬಿಡಿಸಿ ನೆಟ್ಟ ಮರಿಗಳ ಎಲೆಗಳು ಕರಗುತ್ತಿವೆ, ನಾನು ಮುಟ್ಟಿಲ್ಲ.