ಒಂದು ಗ್ಯಾರೇಜಿನಲ್ಲಿ ಎರಡು ಕಾರು: ನಮ್ಮ ಮನೆಯ ನಾಲ್ಕು ಕಂಬದ ಲಿಫ್ಟ್, ವರ್ಷಗಟ್ಟಲೆ ಬಳಸಿದ ಮೇಲೆ

ಒಂದು ಕಾರನ್ನು ಮೇಲೆತ್ತಿ ಅದರ ಕೆಳಗೆ ಇನ್ನೊಂದನ್ನು ನಿಲ್ಲಿಸುವ ಕಾರ್ ಲಿಫ್ಟ್ ಹಾಕಿಸಿದರೆ ಒಂದು ಪಾರ್ಕಿಂಗ್ ಎರಡಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಬಳಸಿದ ಮೇಲೆ ನನ್ನ ಲೆಕ್ಕ ಬೇರೆ. ಒಂದು ಒಂದೂವರೆ ಆಗುತ್ತದೆ, ಅಷ್ಟೇ. ಮೇಲಿನ ಕಾರು ಇಳಿಯಬೇಕಾದರೆ ಕೆಳಗಿನದು ಹೊರಗೆ ಬರಲೇಬೇಕಲ್ವಾ? ಇದನ್ನು ಮೊದಲೇ ಒಪ್ಪಿಕೊಂಡು ಹಾಕಿಸಿದರೆ ತುಂಬಾ ಉಪಯೋಗದ ವಸ್ತು. ಒಪ್ಪಿಕೊಳ್ಳದೆ ಹಾಕಿಸಿದರೆ ದಿನಾ ಬೆಳಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಜಗಳ.

ನಮ್ಮದು ಪುಣೆ ಪಕ್ಕದ ನಿಗಡಿ ಪ್ರಾಧಿಕರಣದಲ್ಲಿ ಹಳೆಯ ಬಂಗಲೆ. ಮಾವನವರು ಧಾರವಾಡದಿಂದ ಬಂದು ಪಿಂಪ್ರಿಯಲ್ಲಿ ನೌಕರಿ ಮಾಡಿ ಕಟ್ಟಿಸಿದ್ದು. ಮನೆಯಲ್ಲಿ ಮೂರು ಕಾರು: ಅವರ ಮಾರುತಿ 800, ನಾನು ದಿನಾ ಓಡಿಸುವ ಸ್ವಿಫ್ಟ್, ಎಲ್ಲರೂ ಸೇರಿ ಊರಿಗೆ ಹೋಗಲು ಒಂದು ಇನ್ನೋವಾ ಕ್ರಿಸ್ಟಾ. ಗ್ಯಾರೇಜಿನಲ್ಲಿ ಒಂದು ಹಿಡಿಯುತ್ತದೆ, ಗೇಟಿನ ಒಳಗೆ ಇನ್ನೊಂದು. ಮೂರನೆಯದು ರಸ್ತೆಯಲ್ಲಿ, ಗುಲ್‌ಮೊಹರ್ ಮರದ ಕೆಳಗೆ. ಜೂನ್ ಗಾಳಿಗೆ ಕೊಂಬೆ ಮುರಿದು ಬೀಳುವ ಜಾಗ ಅದು. ರಸ್ತೆಗೆ ಹೋಗುತ್ತಿದ್ದದ್ದು ಯಾವಾಗಲೂ 800. 800 ಮಾರುವ ಮಾತೇ ಇರಲಿಲ್ಲ. ಹದಿನೈದು ವರ್ಷ ತುಂಬಿದಾಗ ಮಾವನವರು ಆರ್‌ಟಿಓಗೆ ಅಲೆದು ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಬಂದವರು. ಅಂಥ ಕಾರನ್ನು ಮಳೆಯಲ್ಲಿ ನೆನೆಯಲು ಬಿಡೋದು ನನಗೂ ಇಷ್ಟವಿರಲಿಲ್ಲ. 2021ರ ಬೇಸಿಗೆಯಲ್ಲಿ ಲಿಫ್ಟ್ ಹಾಕಿಸಿದೆವು.

ಯಾವ ಥರದ್ದು ತಗೊಳ್ಳೋದು ಅನ್ನೋದು ಮೊದಲ ಪ್ರಶ್ನೆ. ಮುಂಬೈ-ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ಸ್ಟ್ಯಾಕ್ ಪಾರ್ಕಿಂಗ್ ಅಂತ ಕಾಣುವುದು ಹೆಚ್ಚಾಗಿ ಎರಡು ಕಂಬದ್ದು. ಜಾಗ ಕಡಿಮೆ ತಿನ್ನುತ್ತದೆ, ಕಾರಿನ ಬಾಗಿಲು ಆರಾಮಾಗಿ ತೆರೆಯುತ್ತದೆ. ಆದರೆ ಕಾರಿನ ಭಾರ ಪೂರ್ತಿ ಒಂದೇ ಕಡೆಗೆ ಎಳೆಯುವುದರಿಂದ ಕಂಬದ ಬುಡದ ಬೋಲ್ಟು ಮತ್ತು ಕಾಂಕ್ರೀಟಿನ ಮೇಲೆ ಜೋರು ಬೀಳುತ್ತದೆ. ನಾಲ್ಕು ಕಂಬದ್ದು ಹಾಗಲ್ಲ. ಮಂಚ ತನ್ನ ಕಾಲ ಮೇಲೆ ತಾನು ನಿಂತ ಹಾಗೆ, ಭಾರ ನೇರ ಕೆಳಗಿಳಿಯುತ್ತದೆ. ನೆಲ ಅಗೆದು ಗುಂಡಿಯಲ್ಲಿ ಕೆಳಗಿನ ಕಾರು ಇಳಿಸುವ ಥರದ್ದೂ ಇದೆ, ಸೂರಿನ ಎತ್ತರ ಕಡಿಮೆ ಇದ್ದವರಿಗೆ ಅಂತ. ಆದರೆ ನಮ್ಮ ಕಡೆಯ ಮಳೆಯಲ್ಲಿ ಗುಂಡಿಗೆ ನೀರು ನುಗ್ಗುತ್ತದೆ, ಪಂಪು ಇಟ್ಟುಕೊಂಡು ಕಾಯಬೇಕು. ಅದು ಬೇಡ ಅಂತ ಅಲ್ಲೇ ಬಿಟ್ಟೆವು.

ಈಗ ಎತ್ತರದ ಲೆಕ್ಕ. ಲಿಫ್ಟ್ ತಗೊಳ್ಳುವ ಅರ್ಧ ಜನ ಸೋಲುವುದು ಇಲ್ಲೇ ಅಂತ ನನಗನಿಸುತ್ತದೆ. ಕೆಳಗೆ ನಿಲ್ಲುವ ಸ್ವಿಫ್ಟ್ ಎತ್ತರ ಸುಮಾರು 1.53 ಮೀಟರ್. ಮೇಲಿನ ಕಾರನ್ನು ಹೊರುವ ಪ್ಲಾಟ್‌ಫಾರ್ಮ್ ದಪ್ಪ 13 ಸೆಂಟಿಮೀಟರ್. ಮೇಲೇರುವ ಮಾರುತಿ 800 ಎತ್ತರ ಸುಮಾರು 1.41 ಮೀಟರ್. ಮೇಲೆ ಒಂದು ಗೇಣಿನ ಅರ್ಧ, ಕೆಳಗೆ ಅಷ್ಟೇ ಖಾಲಿ ಬಿಟ್ಟರೂ ಒಟ್ಟು 3.27 ಮೀಟರ್ ಬೇಕು, ಅಂದರೆ ಹತ್ತು ಅಡಿ ಒಂಬತ್ತು ಇಂಚು. ಅಳೆಯಬೇಕಾದ್ದು ನೆಲದಿಂದ ಸ್ಲ್ಯಾಬಿಗಲ್ಲ, ಬೀಮಿನ ಕೆಳ ಅಂಚಿಗೆ. ರೋಲಿಂಗ್ ಶಟರ್ ಸುತ್ತಿಕೊಳ್ಳುವ ಡಬ್ಬಿ ಒಳಗಿದ್ದರೆ ಅದರ ಕೆಳಗಿನಿಂದ. ಫ್ಯಾನು, ಟ್ಯೂಬ್‌ಲೈಟು ಎಲ್ಲ ಗೋಡೆಗೆ ಸರಿಯಬೇಕು. ನಮ್ಮ ಬೀಮಿನ ಕೆಳಗೆ ಹನ್ನೊಂದು ಅಡಿ ಸಿಕ್ಕಿತು, ಹಾಗಾಗಿ ಬಚಾವ್. ಅದೇ ಕೆಳಗೆ ಕ್ರಿಸ್ಟಾ ನಿಲ್ಲಿಸುತ್ತೇನೆ ಅಂದರೆ ಅದರ ಎತ್ತರವೇ ಸುಮಾರು 1.8 ಮೀಟರ್, ಹನ್ನೊಂದೂವರೆ ಅಡಿಗೂ ಜಾಸ್ತಿ ಬೇಕು. ಆಗುವುದಿಲ್ಲ. ಅದು ಗೇಟಿನ ಹತ್ತಿರವೇ ಇದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲಿಫ್ಟನ್ನು ನಮಗೆ ಬೇಕಾದ ಎತ್ತರದಲ್ಲಿ ನಿಲ್ಲಿಸಲು ಆಗುವುದಿಲ್ಲ. ಕಂಬದೊಳಗೆ ಲಾಕಿಗೆ ಕಿಂಡಿಗಳಿರುತ್ತವೆ, ನಮ್ಮದರಲ್ಲಿ ಸುಮಾರು ಹತ್ತು ಸೆಂಟಿಮೀಟರಿಗೆ ಒಂದರಂತೆ. ಆ ಕಿಂಡಿಗೇ ನಿಲ್ಲಬೇಕು. ನಿಮ್ಮ ಲೆಕ್ಕ ಕೂದಲೆಳೆಯಷ್ಟು ಕೂಡಿಬಂದರೆ ಸಾಲದು, ಒಂದು ಕಿಂಡಿಯಷ್ಟು ಹೆಚ್ಚೇ ಇರಲಿ.

ನೆಲದ ಕೆಲಸಕ್ಕೆ ಜಾಸ್ತಿ ದಿನ ಹಿಡಿಯಿತು. ಇಲ್ಲಿನ ಹಳೆ ಮನೆಗಳಲ್ಲಿ ಗ್ಯಾರೇಜಿಗೆ ಶಹಾಬಾದಿ ಕಲ್ಲೇ. ನಮ್ಮ ಕಲಬುರಗಿ ಕಡೆಯ ಕಲ್ಲು, ನೋಡಲು ಗಟ್ಟಿ. ಆದರೆ ಕೆಳಗೆ ಗಾರೆ, ಅದರ ಕೆಳಗೆ ಮುರುಮು, ಅಂದರೆ ಗರಸು ಮಣ್ಣು. ಅದಕ್ಕೆ ಆಂಕರ್ ಬೋಲ್ಟ್ ಹೊಡೆದರೆ ಹಿಡಿಯುವುದೇ ಇಲ್ಲ. ಕಲ್ಲು ಕಿತ್ತು, ಕಬ್ಬಿಣದ ಜಾಳಿಗೆ ಹಾಸಿ, ಆರು ಇಂಚು ಎಂ25 ಕಾಂಕ್ರೀಟ್ ಹಾಕಿಸಿ, 28 ದಿನ ಬಿಟ್ಟು ಕಂಬ ನಿಲ್ಲಿಸಿದೆವು. ಮೇಸ್ತ್ರಿ ಒಂದೇ ವಾರ ಸಾಕು ಅಂದ. ನಾವು ಕೇಳಲಿಲ್ಲ. ಗ್ಯಾರೇಜಿನ ನೆಲ ನೀರು ಹರಿಯಲಿ ಅಂತ ಬಾಗಿಲ ಕಡೆಗೆ ಇಳಿಜಾರು ಇರುತ್ತದಲ್ಲ, ಅದಕ್ಕೆ ಮುಂದಿನ ಎರಡು ಕಂಬದ ಕೆಳಗೆ ಉಕ್ಕಿನ ತಗಡು ಕೊಟ್ಟು ಲೆವೆಲ್ ಮಾಡಬೇಕಾಯಿತು.

ಕರೆಂಟಿನದು ಸುಲಭ. ನಮ್ಮದು 2.2 ಕಿಲೋವಾಟ್ ಸಿಂಗಲ್ ಫೇಸ್ ಮೋಟರ್. ಮೀಟರಿನಿಂದ ಬೇರೆ ಲೈನು, 4 ಸ್ಕ್ವೇರ್ ಎಂಎಂ ವೈರು, ಅದಕ್ಕೇ ಪ್ರತ್ಯೇಕ ಎಂಸಿಬಿ. ಬಿಲ್ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮೇಲೇರಲು ಒಂದು ನಿಮಿಷ ಹಿಡಿಯುತ್ತದೆ ಅಂದುಕೊಂಡರೂ ಒಂದು ಯೂನಿಟ್ಟಿನಲ್ಲಿ ಇಪ್ಪತ್ತೇಳು ಸಲ ಏರಿಸಬಹುದು. ಇಳಿಯುವಾಗ ಮೋಟರ್ ಓಡುವುದೇ ಇಲ್ಲ, ವಾಲ್ವ್ ತೆರೆದರೆ ಕಾರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. 800 ತೂಕ 650 ಕಿಲೋ ಆಸುಪಾಸು, ಹಗುರ. ಹಾಗಾಗಿ ಇಳಿಯುವುದು ನಿಧಾನ. ಡಿಸೆಂಬರ್ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಇನ್ನೂ ನಿಧಾನ. ಅದು ದೋಷವಲ್ಲ, ಹೆದರಬೇಡಿ.

ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು ಲಾಕಿನ ಬಗ್ಗೆ. ಪ್ಲಾಟ್‌ಫಾರ್ಮಿನ ಕೆಳಗೆ ಒಂದು ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಅದು ನಾಲ್ಕು ವೈರ್ ರೋಪುಗಳನ್ನು ಎಳೆಯುತ್ತದೆ, ರೋಪು ರಾಟೆ ಸುತ್ತಿ ನಾಲ್ಕು ಮೂಲೆಗೆ ಹೋಗುತ್ತದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಏರುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಂತಿತಲ್ಲ ಅಂತ ಅಷ್ಟಕ್ಕೇ ಬಿಟ್ಟು ಹೋದರೆ ಕಾರು ನಿಂತಿರುವುದು ಎಣ್ಣೆಯ ಒತ್ತಡ ಮತ್ತು ರೋಪಿನ ಮೇಲೆ. ಬೇಕಾದ ಕಿಂಡಿ ದಾಟಿಸಿ, ಆಮೇಲೆ ಸ್ವಲ್ಪ ಇಳಿಸಿ, ನಾಲ್ಕೂ ಮೂಲೆಯ ಕಬ್ಬಿಣದ ನಾಲಿಗೆ ಕಿಂಡಿಯಲ್ಲಿ ಕೂತ ಮೇಲೆಯೇ ಅದು ನಿಜವಾಗಿ ನಿಂತ ಹಾಗೆ. ಫಿಟ್ ಮಾಡಲು ಬಂದ ಹುಡುಗ ವಿಜಯಪುರ ಜಿಲ್ಲೆಯವನು. ನಾವು ಕನ್ನಡದವರು ಅಂತ ಗೊತ್ತಾದ ಮೇಲೆ ಬಾಯಿ ಬಿಟ್ಟ. “ಅಕ್ಕಾರ, ಎಣ್ಣಿ ಮ್ಯಾಲೆ ಕಾರ್ ನಿಲ್ಲಿಸಬ್ಯಾಡ್ರಿ, ಕಬ್ಬಿಣದ ಮ್ಯಾಲೆ ನಿಲ್ಲಿಸ್ರಿ. ನಾಕೂ ಟಕ್ ಅನ್ನೂತನಕ ಹೊಳ್ಳಿ ಹೋಗಬ್ಯಾಡ್ರಿ” ಅಂದ. ಕಂಪನಿಯ ಪುಸ್ತಕದಲ್ಲಿ ಎರಡು ಪುಟ ಬರೆದದ್ದನ್ನು ಅವನು ಅಷ್ಟರಲ್ಲಿ ಹೇಳಿಬಿಟ್ಟ.

ಈಗ ಕಿವಿಗೆ ಅದು ಅಭ್ಯಾಸವಾಗಿದೆ. ಏರುವಾಗ ಪ್ರತಿ ಕಿಂಡಿಗೆ ಟಕ್ ಟಕ್ ಅಂತ ನಾಲ್ಕು ಸದ್ದು ಹೆಚ್ಚುಕಮ್ಮಿ ಒಟ್ಟಿಗೆ ಬರುತ್ತವೆ. ಒಂದು ಮೂಲೆ ಹಿಂದೆ ಬಿದ್ದು ತಡವಾಗಿ ಟಕ್ ಅಂದರೆ ಆ ರೋಪು ಹಿಗ್ಗಿದೆ ಅಂತ ಅರ್ಥ. ಹೊಸದರಲ್ಲಿ ಎಲ್ಲ ರೋಪೂ ಸ್ವಲ್ಪ ಹಿಗ್ಗುತ್ತವೆ, ಕಂಬದ ತಲೆಯ ಮೇಲಿನ ನಟ್ಟು ತಿರುಗಿಸಿ ಸರಿ ಮಾಡಬೇಕು. ಸದ್ದು ಕೇಳಿದರೂ ನಾನು ಟಾರ್ಚ್ ಹಿಡಿದು ನಾಲ್ಕೂ ಮೂಲೆ ಕಣ್ಣಾರೆ ನೋಡುತ್ತೇನೆ. ನಾಲಿಗೆ ಪೂರ್ತಿ ಒಳಗೆ ಹೋಗಿದೆಯಾ, ಅಂಚಿನ ಮೇಲೆ ಕೂತಿದೆಯಾ ಅಂತ. ಅರ್ಧ ನಿಮಿಷದ ಕೆಲಸ. ಮನೆಯಲ್ಲಿ ಬೇರೆ ಯಾರು ಲಿಫ್ಟ್ ಮುಟ್ಟಿದರೂ ಇದನ್ನು ಮಾಡಲೇಬೇಕು ಅನ್ನೋದು ನನ್ನ ಕಟ್ಟಪ್ಪಣೆ. ಕೀ ಹಾಕಿದರೆ ಮಾತ್ರ ಓಡುವ ಸ್ವಿಚ್ ಹಾಕಿಸಿದ್ದೇವೆ, ಕೀ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ. ಇಳಿಸುವ ಮುಂಚೆ ಕೆಳಗೆ ಬಗ್ಗಿ ನೋಡುವುದೂ ಕಡ್ಡಾಯ, ನಮ್ಮ ಬೀದಿಯ ಬೆಕ್ಕುಗಳಿಗೆ ಗ್ಯಾರೇಜ್ ಅಂದರೆ ಪ್ರೀತಿ.

ಕರೆಂಟ್ ಹೋದರೆ? ಲಾಕಿನ ಮೇಲೆ ಕೂತ ಕಾರನ್ನು ಇಳಿಸಲು ಮೊದಲು ಸ್ವಲ್ಪ ಏರಿಸಿ ನಾಲಿಗೆ ಬಿಡಿಸಬೇಕು. ಏರಿಸಲು ಮೋಟರ್ ಬೇಕು. ಮನೆಯ ಸಾಮಾನ್ಯ ಇನ್ವರ್ಟರಿಗೆ ಈ ಮೋಟರ್ ಎಳೆಯುವ ಶಕ್ತಿ ಇಲ್ಲ. ಅಂದರೆ ಕರೆಂಟ್ ಬರುವ ತನಕ ಮೇಲಿನ ಕಾರು ಮೇಲೇ. ಕೈಪಂಪ್ ಇರುವ ಪವರ್ ಪ್ಯಾಕ್ (ಮೋಟರು, ಪಂಪು ಸೇರಿದ ಡಬ್ಬಿ) ಸಿಗುತ್ತದೆ, ಕೇಳಿ ತಗೊಳ್ಳಿ. ನಮ್ಮದರಲ್ಲಿ ಇಲ್ಲ. ಮೇಲಿರುವುದು 800 ಆದ್ದರಿಂದ ನಮಗೆ ನಡೆಯುತ್ತದೆ. ರಾತ್ರಿ ಆಸ್ಪತ್ರೆಗೆ ಓಡಬೇಕಾದ ಕಾರನ್ನು ಮಾತ್ರ ಮೇಲೆ ಇಡಲೇಬೇಡಿ.

ದಿನನಿತ್ಯದ ಕಿರಿಕಿರಿಗಳೂ ಇವೆ. ಸ್ವಿಫ್ಟ್ ಡಿಕ್ಕಿ ಗ್ಯಾರೇಜ್ ಒಳಗೆ ತೆರೆಯಲು ಆಗುವುದಿಲ್ಲ, ಮೇಲಿನ ಪ್ಲಾಟ್‌ಫಾರ್ಮಿಗೆ ಬಡಿಯುತ್ತದೆ. ಸಂತೆಯ ಚೀಲ, ಗ್ಯಾಸ್ ಸಿಲಿಂಡರ್ ಏನಿದ್ದರೂ ಹೊರಗೇ ಇಳಿಸಿ ಆಮೇಲೆ ಕಾರು ಒಳಗೆ. ಆಂಟೆನಾ ಮಡಚಬೇಕು. ಪ್ಲಾಟ್‌ಫಾರ್ಮಿನ ಅಂಚು ಸರಿಯಾಗಿ ಹಣೆಯ ಎತ್ತರಕ್ಕೆ ಬರುವುದರಿಂದ ಸುತ್ತ ಫೋಮ್ ಪಟ್ಟಿ ಅಂಟಿಸಿದ್ದೇವೆ, ಮೇಲೆ ಹಳದಿ-ಕಪ್ಪು ಟೇಪು. ಇನ್ನು 800 ಅಗಲ ಕಡಿಮೆ, ಟೈರು 145 ಮಿಲಿಮೀಟರಿನ ಸಣ್ಣವು. ಪ್ಲಾಟ್‌ಫಾರ್ಮ್ ಅಂದರೆ ಚಕ್ರ ಓಡಲು ಎರಡು ಉದ್ದನೆಯ ಪಟ್ಟಿ, ನಡುವೆ ಸಂದಿ. ದೊಡ್ಡ ಕಾರಿಗೆ ಅಂತ ಮಾಡಿದ ಆ ಪಟ್ಟಿಗಳ ಮೇಲೆ ಅದರ ಚಕ್ರ ಒಳ ಅಂಚಿಗೇ ಹತ್ತಿರ ಓಡುತ್ತವೆ. ಹಳೆಯ ಸಣ್ಣ ಕಾರು ಇಟ್ಟುಕೊಂಡವರು ಪಟ್ಟಿಗಳ ನಡುವಿನ ಅಂತರ ಅಳೆದೇ ಆರ್ಡರ್ ಕೊಡಿ. ನಾವು ಮಧ್ಯದ ಸಂದಿಗೆ ಗೆರೆಗೆರೆ ಉಕ್ಕಿನ ಹಾಳೆ ಮುಚ್ಚಿಸಿದ್ದರಿಂದ ಮಾವನವರು ಧೈರ್ಯವಾಗಿ ಹತ್ತಿಸುತ್ತಾರೆ. ಭಾನುವಾರ ಬೆಳಗ್ಗೆ ಅವರದೇ ಕಾರ್ಯಕ್ರಮ. ಸ್ವಿಫ್ಟ್ ಹೊರಗೆ ತೆಗೆಸಿ, 800 ಇಳಿಸಿ, ಒರೆಸಿ, ಆಕುರ್ಡಿ ತನಕ ಒಂದು ಸುತ್ತು.

ಮೇಲಿನಿಂದ ಸೋರುವುದನ್ನು ಹಿಡಿಯುವ ತಟ್ಟೆ ಮರೆಯಬೇಡಿ. ಮಳೆಗಾಲದಲ್ಲಿ ಮೇಲಿನ ಕಾರಿನ ಕೆಸರು ನೀರು, ಹಳೆ ಎಂಜಿನ್ನಿನ ಎಣ್ಣೆ, ಎಲ್ಲ ಕೆಳಗಿನ ಕಾರಿನ ಟಾಪಿನ ಮೇಲೇ ಬೀಳುತ್ತದೆ. ನಮಗೆ ಮಾರಿದವರು ಇದರ ಸುದ್ದಿಯನ್ನೇ ಎತ್ತಲಿಲ್ಲ, ಕೊಡಲೂ ಇಲ್ಲ. ಜಿಐ ಶೀಟಿನಲ್ಲಿ ತಟ್ಟೆ ಮಾಡಿಸಿ ಒಂದು ಮೂಲೆಗೆ ಪೈಪ್ ಕೊಟ್ಟೆವು. ಅವರ ಸರ್ವಿಸ್ಸೂ ಅಷ್ಟಕ್ಕಷ್ಟೆ. ವಾರ್ಷಿಕ ಕಾಂಟ್ರಾಕ್ಟಿನ ದುಡ್ಡು ಮೊದಲೇ ತಗೊಂಡು, ಸಿಲಿಂಡರ್ ಸೀಲ್ ಸೋರಲು ಶುರುವಾದಾಗ ಇವತ್ತು ನಾಳೆ ಅಂತ ಸತಾಯಿಸಿದರು. ಕೊನೆಗೆ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಹೈಡ್ರಾಲಿಕ್ ಕೆಲಸದವರನ್ನು ಕರೆಸಿದೆವು, ಮಧ್ಯಾಹ್ನದೊಳಗೆ ಮುಗಿಯಿತು. ಈ ಊರಲ್ಲಿ ಇರುವ ದೊಡ್ಡ ಅನುಕೂಲ ಅದೇ, ಸೀಲು, ರಾಟೆ, ಎಣ್ಣೆ ಎಲ್ಲ ಕೈಗೆಟಕುವಂತೆ ಸಿಗುತ್ತದೆ. ಹಾಗಾಗಿ ಎಲ್ಲೂ ಸಿಗದ ಬಿಡಿಭಾಗದ ಲಿಫ್ಟಿಗಿಂತ ಸಾದಾ ಸಿಲಿಂಡರ್, ಸಾದಾ ರೋಪಿನದೇ ಒಳ್ಳೆಯದು.

ಮುಲುಂಡಿನಲ್ಲಿ ನಮ್ಮ ಚಿಕ್ಕಮ್ಮನ ಸೊಸೈಟಿಯಲ್ಲೂ ಸ್ಟ್ಯಾಕ್ ಪಾರ್ಕಿಂಗ್ ಇದೆ. ಅಲ್ಲಿ ಮೇಲಿನ ಕಾರು ಒಬ್ಬರದು, ಕೆಳಗಿನದು ಇನ್ನೊಬ್ಬರದು. ಕೆಳಗಿನವರು ಊರಿಗೆ ಹೋದರೆ ಮೇಲಿನವರಿಗೆ ರಿಕ್ಷಾ. ಚಿಕ್ಕಮ್ಮ ನಮ್ಮ ಲಿಫ್ಟ್ ನೋಡಿ, “ನಿಮ್ಮಲ್ಲಿ ಎರಡೂ ಕೀ ಒಂದೇ ಮೊಳೆಗೆ ನೇತಾಡ್ತಾವಲ್ಲೇ, ಅದಕ್ಕೇ ನಡೀತದ” ಅಂದರು. ಖರೆ ಮಾತು. ಒಂದೇ ಮನೆಯ ಕಾರುಗಳಿಗೆ ಇದು ಚೆನ್ನ. ಬೇರೆ ಮನೆಯವರ ಜೊತೆ ಹಂಚಿಕೊಳ್ಳಬೇಕಾದರೆ ನಾನು ಹಾಕಿಸುತ್ತಿರಲಿಲ್ಲ.

ಈಗಿನ ಸ್ಥಿತಿ: ಮೋಟರಿಗೆ ಏನೂ ಆಗಿಲ್ಲ, ಕಂಬಗಳ ಬುಡದಲ್ಲಿ ಸ್ವಲ್ಪ ತುಕ್ಕು ಹಿಡಿದದ್ದನ್ನು ಉಜ್ಜಿ ಬಣ್ಣ ಹೊಡೆಸಿದ್ದಾಗಿದೆ. ರೋಪುಗಳನ್ನು ಹಳೇ ಬಟ್ಟೆ ಸುತ್ತಿ ಉದ್ದಕ್ಕೂ ಸವರಿ ನೋಡುತ್ತೇನೆ, ಬರಿಗೈಯಲ್ಲಿ ಮುಟ್ಟಬೇಡಿ, ತುಂಡಾದ ಎಳೆ ಇದ್ದರೆ ಚರ್ಮ ಸೀಳುತ್ತದೆ. ಹೋದ ಸಲ ಹಿಂದಿನ ಎಡ ಮೂಲೆಯಲ್ಲಿ ಬಟ್ಟೆ ಸಿಕ್ಕಿಕೊಂಡಿತು, ಎಳೆ ಕಿತ್ತಿದೆ. ಅವತ್ತಿನಿಂದ 800 ಮೇಲೆ ಹತ್ತಿಲ್ಲ, ಗೇಟಿನ ಒಳಗೆ ಕ್ರಿಸ್ಟಾ ಜಾಗದಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ, ಕ್ರಿಸ್ಟಾ ರಸ್ತೆಯಲ್ಲಿದೆ. ಭೋಸರಿಯವರಿಗೆ ನಾಲ್ಕೂ ರೋಪು ಬದಲಿಸಲು ಹೇಳಿದ್ದೇನೆ. ಒಂದೇ ಬದಲಿಸಿದರೆ ಖರ್ಚು ಕಡಿಮೆ ಅಂತ ಅವರೂ ಕೇಳಿದರು. ಆದರೆ ಮೂರು ಹಳೆಯದರ ಜೊತೆ ಒಂದು ಹೊಸದು ಹಿಗ್ಗುತ್ತಾ ಹೋದರೆ ಆ ಮೂಲೆ ಮಾತ್ರ ತಗ್ಗಿ ಲಾಕ್ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ನಾಲ್ಕೂ ಒಟ್ಟಿಗೇ.