ಇಎಸ್‌ಪಿ ಮ್ಯಾಪ್: ಅವೊಗ್ಯಾಡ್ರೊ, ಗಾಸ್‌ವ್ಯೂ, ಮಲ್ಟಿಡಬ್ಲ್ಯುಎಫ್‌ಎನ್

ಅಣುವಿನ ಮೇಲ್ಮೈಯಲ್ಲಿ ಸ್ಥಿರವಿದ್ಯುತ್ ವಿಭವವನ್ನು (ಇಎಸ್‌ಪಿ) ಬಣ್ಣದಲ್ಲಿ ತೋರಿಸಲು ನಾನೀಗ ಓರ್ಕಾ ಎಂಬ ಕ್ವಾಂಟಮ್ ರಸಾಯನಶಾಸ್ತ್ರದ ತಂತ್ರಾಂಶದಲ್ಲಿ ಲೆಕ್ಕ ಹಾಕಿಸಿ, ಮಲ್ಟಿಡಬ್ಲ್ಯುಎಫ್‌ಎನ್‌ನಲ್ಲಿ ಗ್ರಿಡ್ (ಅಣುವಿನ ಸುತ್ತ ಬಿಂದು ಬಿಂದುವಿನ ಬೆಲೆಗಳ ಜಾಲ) ಮಾಡಿ, ವಿಎಂಡಿಯಲ್ಲಿ ಚಿತ್ರ ತೆಗೆಯುತ್ತೇನೆ. ಮೂರು ತಂತ್ರಾಂಶ ಇನ್‌ಸ್ಟಾಲ್ ಮಾಡುವ ರಗಳೆ ಇದೆ, ಒಪ್ಪಿದೆ. ಆದರೂ ಇದನ್ನು ಬಿಡುವವನಲ್ಲ.

ಅವೊಗ್ಯಾಡ್ರೊ (ಹಳೆಯ 1.2) ಎಲ್ಲಕ್ಕಿಂತ ಸಲೀಸು. ಅಣು ಬಿಡಿಸಿ, ವ್ಯಾನ್ ಡರ್ ವಾಲ್ಸ್ ಮೇಲ್ಮೈ ಆರಿಸಿ, ವಿಭವದ ಬಣ್ಣ ಕೊಟ್ಟರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಚಿತ್ರ ಸಿದ್ಧ. ನೀರು, ಅಸಿಟೋನ್ ತೋರಿಸಿ ಪಾಠ ಮಾಡಲು ಧಾರಾಳ ಸಾಕು. ನನಗೆ ಬೇಕಿದ್ದುದು ಬ್ರೋಮೋಬೆಂಜೀನ್. ಅದರಲ್ಲಿ ಬ್ರೋಮಿನ್ ಗುಂಡಗೆ, ಸುತ್ತಲೂ ಋಣ ವಿಭವದ ಬಣ್ಣ ಬಳಿದುಕೊಂಡು ಕೂತಿತ್ತು.

ಕಾರಣ ಲೆಕ್ಕದ ವಿಧಾನದಲ್ಲೇ ಇದೆ. ಇಲ್ಲಿ ಪ್ರತಿ ಪರಮಾಣುವಿನ ಕೇಂದ್ರದಲ್ಲಿ ಒಂದು ಭಾಗಶಃ ವಿದ್ಯುದಂಶವನ್ನಿಟ್ಟು ಕೂಲಂಬ್ ನಿಯಮದಿಂದ ವಿಭವ ಕಂಡುಹಿಡಿಯುತ್ತಾರೆ. ಕೇಂದ್ರದಲ್ಲಿ ಕೂತ ಒಂಟಿ ಸಂಖ್ಯೆಗೆ ಹಿಂದು ಮುಂದು ಅಂತ ಇರುವುದಿಲ್ಲ. ಬ್ರೋಮಿನ್‌ಗೆ ಇದೆ! ಕಾರ್ಬನ್–ಬ್ರೋಮಿನ್ ಬಂಧದ ನೇರಕ್ಕೆ, ಹೊರತುದಿಯಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಕಡಿಮೆ. ಅಲ್ಲೊಂದು ಧನ ವಿಭವದ ಟೊಪ್ಪಿ, ಅದರ ಸುತ್ತ ಋಣ ವಿಭವದ ಪಟ್ಟಿ. ಕ್ಲಾರ್ಕ್, ಪೊಲಿಟ್ಜರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನೇ ಸಿಗ್ಮಾ ಹೋಲ್ ಎಂದರು. ಈ ಟೊಪ್ಪಿ ಇನ್ನೊಂದು ಅಣುವಿನ ಋಣ ಭಾಗವನ್ನು ಸೆಳೆಯುವುದೇ ಹ್ಯಾಲೊಜನ್ ಬಂಧ; ಅದನ್ನು ವಿವರಿಸುವ ಚಿತ್ರದಲ್ಲಿ ಇದೇ ಇಲ್ಲವೆಂದರೆ ಮದುಮಗನಿಲ್ಲದ ದಿಬ್ಬಣ. ಮೇಲ್ಮೈಯನ್ನು ಎಷ್ಟು ನಯ ಮಾಡಿದರೂ ಈ ಟೊಪ್ಪಿ ಬರುವುದಿಲ್ಲ. ಅಣುವಿನ ಎಲೆಕ್ಟ್ರಾನ್‌ಗಳನ್ನು ವಿವರಿಸುವ ಅಲೆಫಲನದಿಂದಲೇ (ವೇವ್‌ಫಂಕ್ಷನ್) ಲೆಕ್ಕ ಹಾಕಿಸಬೇಕು.

ಗಾಸ್‌ವ್ಯೂ ಅದನ್ನು ಮಾಡುತ್ತದೆ, ಅದೂ ಬರೀ ಮೌಸ್‌ನಲ್ಲಿ. ಲೆಕ್ಕ ಹಾಕುವ ಗಾಸಿಯನ್ ಮತ್ತು ಅದರ ಚಿತ್ರ ತೋರಿಸುವ ಗಾಸ್‌ವ್ಯೂ ಎರಡರ ಲೈಸೆನ್ಸಿಗೂ ಡಿಪಾರ್ಟ್‌ಮೆಂಟ್ ದುಡ್ಡು ಕಟ್ಟುತ್ತಿದ್ದರೆ ಮುಂದೆ ಓದಬೇಕಾಗಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪಿಗೆ ಅದು ಎಟುಕುವ ಮಾತಲ್ಲ.

ಓರ್ಕಾ ಶೈಕ್ಷಣಿಕ ಬಳಕೆಗೆ ಉಚಿತ, ಮಲ್ಟಿಡಬ್ಲ್ಯುಎಫ್‌ಎನ್, ವಿಎಂಡಿ ಎರಡಕ್ಕೂ ನಾನು ದುಡ್ಡು ಕೊಟ್ಟಿಲ್ಲ. ಓರ್ಕಾದ ಫೈಲನ್ನು ಮೋಲ್ಡನ್ ಎಂಬ ಫೈಲ್ ರೂಪಕ್ಕೆ ತಿರುಗಿಸಿ ಮಲ್ಟಿಡಬ್ಲ್ಯುಎಫ್‌ಎನ್‌ಗೆ ಕೊಟ್ಟರೆ ಕಪ್ಪು ಕಿಟಕಿಯೊಂದು ತೆರೆದು ಸಂಖ್ಯೆ ಕೇಳುತ್ತದೆ: 5 ಒತ್ತಿ 1 ಅಂದರೆ ಎಲೆಕ್ಟ್ರಾನ್ ಸಾಂದ್ರತೆ, 5 ಒತ್ತಿ 12 ಅಂದರೆ ವಿಭವ. ಬಟನ್ ಬಯಸುವವರಿಗೆ ಇದು ಶಿಕ್ಷೆ. ನನಗೋ ಟೈಪ್ ಮಾಡುವುದೇ ರೂಢಿ. ಸಂಖ್ಯೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಸಾಲಾಗಿ ಅಣುಗಳನ್ನು ಕೊಟ್ಟು ಮಲಗಿಬಿಡುತ್ತೇನೆ. ಮುಖ್ಯ ಮೆನುವಿನ 12 ಇನ್ನೂ ಇಷ್ಟ: ಎಲೆಕ್ಟ್ರಾನ್ ಸಾಂದ್ರತೆ 0.001 ಪರಮಾಣು ಏಕಮಾನ ಇರುವ ಮೇಲ್ಮೈಯಲ್ಲಿ ವಿಭವದ ಗರಿಷ್ಠ, ಕನಿಷ್ಠ ಬಿಂದುಗಳನ್ನು ಹುಡುಕಿ ಅಲ್ಲಿ ವಿಭವ ಎಷ್ಟೆಂದೂ ಹೇಳುತ್ತದೆ. ಆ ಟೊಪ್ಪಿಯ ಎತ್ತರ ಎಷ್ಟೆಂದು ಬಣ್ಣ ನೋಡಿ ಊಹಿಸಬೇಕಿಲ್ಲ.

ಒಂದು ಎಚ್ಚರಿಕೆ. ಗಾಸ್‌ವ್ಯೂನಲ್ಲಿ ಕೆಂಪು ಋಣ, ನೀಲಿ ಧನ. ಮಲ್ಟಿಡಬ್ಲ್ಯುಎಫ್‌ಎನ್ ಜೊತೆ ಬರುವ ವಿಎಂಡಿ ಸ್ಕ್ರಿಪ್ಟಿನಲ್ಲಿ ಉಲ್ಟಾ. ವಿಎಂಡಿಯಲ್ಲಿ ಬಣ್ಣದ ಕ್ರಮ ಬದಲಿಸಿಕೊಳ್ಳಿ, ಹೋಲಿಸುವ ಅಣುಗಳಿಗೆಲ್ಲ ಒಂದೇ ವ್ಯಾಪ್ತಿ ಇಡಿ. ನಾನು ±0.05 ಪರಮಾಣು ಏಕಮಾನ ಇಡುತ್ತೇನೆ, ಅಂದರೆ ಸುಮಾರು ±31 ಕಿಲೋಕ್ಯಾಲರಿ ಪ್ರತಿ ಮೋಲ್‌ಗೆ.